ಮೂವತ್ತು ಸೆಕೆಂಡಿನ ಸಂಪಾದನೆ

ದಾವಣಗೆರೆ ಜಿಲ್ಲೆಯ ಬಸವಾಪಟ್ಟಣದ ಸುತ್ತಮುತ್ತ ವಾದ್ಯ ನುಡಿಸಿ ಬದುಕುವವರಿಗೆ ವರ್ಷದ ಹನ್ನೆರಡು ತಿಂಗಳೂ ದುಡಿಮೆ ಇರುವುದಿಲ್ಲ. ಮಾಘದಿಂದ ಜ್ಯೇಷ್ಠದವರೆಗೆ ಮದುವೆ, ಗೃಹಪ್ರವೇಶ, ಜಾತ್ರೆ, ತೇರು ಎಂದು ಒಂದರ ಹಿಂದೊಂದು ಕರೆ. ಆಷಾಢ ಕಾಲಿಟ್ಟಿತೆಂದರೆ ಮುಹೂರ್ತವೂ ಇಲ್ಲ, ವಾಲಗದವರನ್ನು ಕೇಳುವವರೂ ಇಲ್ಲ. ಗಣಪತಿ ಮೆರವಣಿಗೆಗೆ ಡೊಳ್ಳು, ಸಮಾಳ, ಬ್ಯಾಂಡ್ ಸೆಟ್ ಮತ್ತೆ ಮೇಲೇಳುತ್ತವೆ. ದಸರಾ ಕಳೆದು ಕಾರ್ತಿಕ ಬರುವವರೆಗೆ ಕೊಳಲು, ಶಹನಾಯಿ, ಕೀಬೋರ್ಡು, ಸ್ಯಾಕ್ಸೊಫೋನು ಬಹುಮಟ್ಟಿಗೆ ಚೀಲದೊಳಗೇ ಇರುತ್ತವೆ. ಈ ಖಾಲಿ ತಿಂಗಳುಗಳಲ್ಲಿ ಮೊಬೈಲು ಒಂದು ಆಸೆ ಹುಟ್ಟಿಸುತ್ತದೆ: ಮನೆಯಲ್ಲೇ ನುಡಿಸಿ, ಮುದ್ರಿಸಿ, ಹಾಕಿದರೆ ಜಗತ್ತೇ ಕೇಳುತ್ತದಂತೆ, ಕೇಳಿದಷ್ಟಕ್ಕೂ ದುಡ್ಡು ಬರುತ್ತದಂತೆ.

ಬರುತ್ತದೆ, ಸುಳ್ಳಲ್ಲ. ಆದರೆ ಎಷ್ಟು, ಯಾರಿಗೆ, ಯಾವ ಲೆಕ್ಕದಲ್ಲಿ ಎಂಬುದನ್ನು ಯಾರೂ ಅವರಿಗೆ ಬಿಡಿಸಿ ಹೇಳುವುದಿಲ್ಲ. ಹಾಡುವವರಿಗಿಂತ ವಾದ್ಯ ನುಡಿಸುವವರಿಗೆ ಈ ಲೆಕ್ಕ ಇನ್ನಷ್ಟು ಬೇರೆ. ಒಂದೆಡೆ ಅವರಿಗೆ ಭಾಷೆಯ ಗಡಿಯಿಲ್ಲ. ಚನ್ನಗಿರಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನುಡಿಸಿದ ಹಂಸಧ್ವನಿ ಜರ್ಮನಿಯವರಿಗೂ ಅರ್ಥವಾಗುತ್ತದೆ. ಇನ್ನೊಂದೆಡೆ, ಅದೇ ಕಾರಣಕ್ಕೆ ಅವರ ಸಂಗೀತ ಬೇರೆ ಕೆಲಸದ ಹಿನ್ನೆಲೆಯಲ್ಲಿ ಹರಿಯುವ ಸದ್ದಾಗಿ, ನುಡಿಸಿದವರ ಹೆಸರನ್ನೂ ಯಾರೂ ಕೇಳದ ಹಾಗೆ ಆಗಿಬಿಡುತ್ತದೆ.

ಈ ಸೀಮೆಯವರಿಗೆ ಹಿಂದೆ ಬೇರೆ ಆಸರೆಗಳಿದ್ದವು. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಇಲ್ಲಿನ ಮನೆಮನೆಯ ರೇಡಿಯೊ. ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾಗಿ ‘ಬಿ’, ‘ಬಿ ಹೈ’, ‘ಎ’ ಶ್ರೇಣಿ ಪಡೆದ ಕಲಾವಿದರಿಗೆ ಕಾರ್ಯಕ್ರಮಕ್ಕೆ ಇಷ್ಟೆಂದು ಗೊತ್ತಾದ ಸಂಭಾವನೆ ಸಿಗುತ್ತಿತ್ತು. ವೀಣೆ ದೊರೆಸ್ವಾಮಿ ಅಯ್ಯಂಗಾರ್ ಅವರಂಥ ದೊಡ್ಡ ವೈಣಿಕರೂ ಬೆಂಗಳೂರು ಆಕಾಶವಾಣಿಯಲ್ಲಿ ಕೆಲಸ ಮಾಡಿದವರೇ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬಳಿ ಕಲಿತು ಬಂದವರು ಊರೂರಲ್ಲಿ ಪಾಠ ಹೇಳಿ, ಪುರಾಣ ಪ್ರವಚನಗಳಿಗೆ ಸಾಥ್ ಕೊಟ್ಟು ಜೀವನ ನಡೆಸಿದರು. ಕ್ಯಾಸೆಟ್ಟಿನ ಕಾಲದಲ್ಲಿ ಸ್ಟುಡಿಯೊಗೆ ಹೋಗಿ ನುಡಿಸಿದರೆ ಆ ದಿನದ ಸಂಬಳ ಕೈಗೆ ಬರುತ್ತಿತ್ತು. ಆಮೇಲೆ ಆ ಕ್ಯಾಸೆಟ್ಟು ಲಕ್ಷ ಮಾರಿದರೂ ನುಡಿಸಿದವರಿಗೆ ಸಂಬಂಧವಿರಲಿಲ್ಲ.

2019ರ ಫೆಬ್ರುವರಿಯಲ್ಲಿ ಸಂಗೀತ ಕೇಳಿಸುವ ಆಪ್ ಸ್ಪಾಟಿಫೈ ಭಾರತಕ್ಕೆ ಬಂತು. ಅದಕ್ಕೂ ಮೊದಲೇ ಗಾನಾ, ಸಾವನ್, ವಿಂಕ್ ಇದ್ದವು. ಡಿಸ್ಟ್ರೊಕಿಡ್, ಟ್ಯೂನ್‌ಕೋರ್, ಸಿಡಿ ಬೇಬಿಯಂಥ ವಿತರಕರಿಗೆ ಸಣ್ಣ ಶುಲ್ಕ ಕಟ್ಟಿದರೆ ಯಾವ ಕಂಪನಿಯ ಬಾಗಿಲನ್ನೂ ತಟ್ಟದೆ ಎಲ್ಲ ಆಪ್‌ಗಳಲ್ಲೂ ತಮ್ಮ ಸಂಗೀತ ಹಾಕುವ ದಾರಿ ತೆರೆಯಿತು. ಇದು ಸಣ್ಣ ಬದಲಾವಣೆಯಲ್ಲ. ಮುದ್ರಣದ ಒಡೆತನ ಮೊದಲ ಬಾರಿಗೆ ಸಾಮಾನ್ಯ ವಾದ್ಯಗಾರನ ಕೈಗೆ ಎಟುಕಿತು.

ಇನ್ನು ಲೆಕ್ಕಕ್ಕೆ ಬರೋಣ. ಒಂದು ಸಲ ಕೇಳಿದರೆ ಇಷ್ಟು ಪೈಸೆ ಎಂಬ ನಿಗದಿಯಾದ ದರ ಸ್ಪಾಟಿಫೈಯಲ್ಲಿ ಇಲ್ಲ. ಒಂದು ದೇಶದಲ್ಲಿ ಆ ತಿಂಗಳು ಚಂದಾದಾರರಿಂದ, ಜಾಹೀರಾತಿನಿಂದ ಬಂದ ಹಣದಲ್ಲಿ ಸುಮಾರು ಮೂರನೇ ಎರಡು ಭಾಗ ಹಕ್ಕುದಾರರಿಗೆ ಹೋಗುತ್ತದೆ. ಅಲ್ಲಿನ ಒಟ್ಟು ಕೇಳಿಕೆಯಲ್ಲಿ ನಿಮ್ಮ ಪಾಲು ಎಷ್ಟೋ, ಹಣದಲ್ಲೂ ಅಷ್ಟೇ ಪಾಲು. ಆದ್ದರಿಂದ ಯಾವ ದೇಶದವರು ಕೇಳಿದರು ಎಂಬುದು ಬಹಳ ಮುಖ್ಯ. ಸ್ಪಾಟಿಫೈ ಇಲ್ಲಿಗೆ ಬಂದಾಗ ತಿಂಗಳ ಚಂದಾ 119 ರೂಪಾಯಿ. ಅದೇ ಹೊತ್ತಿಗೆ ಅಮೆರಿಕದಲ್ಲಿ 9.99 ಡಾಲರ್, ಅಂದರೆ ಸುಮಾರು 700 ರೂಪಾಯಿ. ಸಾಲದ್ದಕ್ಕೆ ನಮ್ಮಲ್ಲಿ ಬಹುಪಾಲು ಜನ ಜಾಹೀರಾತು ಕೇಳಿಸಿಕೊಂಡು ಪುಕ್ಕಟೆಯಾಗಿ ಕೇಳುವವರು. ಹಾಗಾಗಿ ದಾವಣಗೆರೆಯ ಸಾವಿರ ಕೇಳುಗರಿಗಿಂತ ಡಲ್ಲಾಸ್‌ನ ಸಾವಿರ ಕೇಳುಗರು ತಂದುಕೊಡುವ ಹಣ ಹಲವು ಪಟ್ಟು ಹೆಚ್ಚು.

ಚನ್ನಗಿರಿಯ ಅಡಿಕೆ ಬೆಳೆಗಾರ ಬೆಳಿಗ್ಗೆ ಪತ್ರಿಕೆಯಲ್ಲಿ ರಾಶಿ ಅಡಿಕೆಯ ಧಾರಣೆ ನೋಡಿ ಮಾಲು ಬಿಡಬೇಕೋ ತಡೆಯಬೇಕೋ ತೀರ್ಮಾನಿಸುತ್ತಾನೆ. ವಾದ್ಯಗಾರನಿಗೆ ಆ ಅನುಕೂಲವಿಲ್ಲ. ತನ್ನ ಸರಕಿನ ಧಾರಣೆ ಅವನಿಗೆ ಗೊತ್ತಾಗುವುದು ಅದು ಮಾರಾಟವಾಗಿ ಎರಡು ಮೂರು ತಿಂಗಳು ಕಳೆದು ವಿತರಕರ ವರದಿ ಬಂದ ಮೇಲೆ.

ಒಂದು ಕೇಳಿಕೆಗೆ ಹತ್ತು ಪೈಸೆ ಎಂದು ಸುಮ್ಮನೆ ಊಹಿಸಿ ನೋಡಬಹುದು. ತಿಂಗಳಿಗೆ 20,000 ರೂಪಾಯಿ ಬೇಕಾದರೆ 2 ಲಕ್ಷ ಕೇಳಿಕೆ ಬೇಕು. ಒಂದು ತಿಂಗಳಲ್ಲ, ಪ್ರತಿ ತಿಂಗಳೂ. ಬಸವಾಪಟ್ಟಣದ ಸುತ್ತಮುತ್ತಲಿನ ಕೇಳುಗರಿಂದಷ್ಟೇ ಸುಲಭವಾಗಿ ಮುಟ್ಟುವ ಸಂಖ್ಯೆಯಲ್ಲ. ಜೊತೆಗೆ 2024ರಿಂದ ಇನ್ನೊಂದು ಗೆರೆ ಎಳೆಯಲಾಗಿದೆ: ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಕೃತಿಗೆ ಸ್ಪಾಟಿಫೈ ಮುದ್ರಣದ ಗೌರವಧನ ಕೊಡುವುದಿಲ್ಲ. ಆ ಗೆರೆ ದಾಟುವುದು ಎಷ್ಟು ಕಷ್ಟ ಎಂಬುದಕ್ಕೆ ಸಂಗೀತ ಮಾರುಕಟ್ಟೆಯ ಅಂಕಿ ಅಂಶ ಕೂಡಿಸುವ ಲುಮಿನೇಟ್ ಸಂಸ್ಥೆಯ ಲೆಕ್ಕವೇ ಸಾಕ್ಷಿ. 2023ರಲ್ಲಿ ಆಪ್‌ಗಳಲ್ಲಿದ್ದ 18.4 ಕೋಟಿ ಕೃತಿಗಳಲ್ಲಿ 15.86 ಕೋಟಿ ಕೃತಿಗಳು ವರ್ಷವಿಡೀ ಸಾವಿರ ಕೇಳಿಕೆ ದಾಟಲಿಲ್ಲ. 4.56 ಕೋಟಿ ಕೃತಿಗಳನ್ನು ಒಬ್ಬರೂ ಕೇಳಲಿಲ್ಲ.

ವಾದ್ಯ ಸಂಗೀತಕ್ಕೆ ನಿಜವಾಗಿ ಪೆಟ್ಟು ಕೊಡುವುದು ಮೂವತ್ತು ಸೆಕೆಂಡಿನ ನಿಯಮ. ಕೃತಿಯನ್ನು ಮೂವತ್ತು ಸೆಕೆಂಡು ಕೇಳಿದರೆ ಅದು ಒಂದು ಕೇಳಿಕೆ. ಐವತ್ತು ನಿಮಿಷ ಕೇಳಿದರೂ ಅದು ಒಂದೇ ಕೇಳಿಕೆ. ತಾನ್‌ಪುರದ ಶ್ರುತಿ ನಿಂತು, ಷಡ್ಜಕ್ಕೆ ಉಸಿರು ಕೊಟ್ಟು, ಮಂದ್ರದಲ್ಲಿ ಎರಡು ಸ್ವರ ಸವರುವಷ್ಟರಲ್ಲಿ ಬಾನ್ಸುರಿಯವರಿಗೆ ಮೂವತ್ತು ಸೆಕೆಂಡು ಕಳೆದಿರುತ್ತದೆ. ಅಷ್ಟರೊಳಗೆ ಕೇಳುಗ ಮುಂದಕ್ಕೆ ಹಾರಿದರೆ ಕಾಸಿಲ್ಲ. ಅವನು ಕಣ್ಣುಮುಚ್ಚಿ ಕೂತು ಆಲಾಪ, ವಿಲಂಬಿತ್, ದ್ರುತ್ ಎಲ್ಲವನ್ನೂ ಕೇಳಿ ಮುಗಿಸಿದರೂ ಸಿಗುವುದು ಎರಡು ನಿಮಿಷದ ಧುನ್‌ಗೆ ಸಿಗುವಷ್ಟೇ. ಒಂದು ರಾಗವನ್ನು ಒಂದು ಗಂಟೆ ಬೆಳೆಸಲು ಹದಿನೈದು ವರ್ಷ ಕಲಿಯಬೇಕಾದ ಪದ್ಧತಿಗೆ ಈ ಲೆಕ್ಕ ಅನ್ಯಾಯ. ಇದನ್ನು ತಂತ್ರಜ್ಞಾನದ ಸಹಜ ಗುಣ ಎಂದು ಒಪ್ಪಿಕೊಳ್ಳಬೇಕಾಗಿಲ್ಲ; ಇದು ಕಂಪನಿಯೊಂದು ಕೂತು ಮಾಡಿದ ನಿಯಮ, ಬದಲಾಯಿಸಲೂ ಬರುತ್ತದೆ. ಬದಲಾಗುವವರೆಗೆ ಎಷ್ಟೋ ಕಲಾವಿದರು ಆಲಾಪ, ಜೋಡ್, ಗತ್‌ಗಳನ್ನು ಬೇರೆ ಬೇರೆ ಟ್ರ್ಯಾಕ್ ಮಾಡಿ ಹಾಕುತ್ತಿದ್ದಾರೆ. ಸಂಗೀತಕ್ಕೆ ಇದರಿಂದ ಒಳ್ಳೆಯದಾಗದು, ಆದರೂ ತಪ್ಪೆನ್ನಲಾಗದು.

ಯೂಟ್ಯೂಬಿನ ಲೆಕ್ಕ ಇದಕ್ಕೆ ತಿರುವುಮುರುವು. ಅಲ್ಲಿ ಜನ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಬೆಲೆ. 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆಗಳ ವೀಕ್ಷಣೆ ಆದರೆ ಜಾಹೀರಾತಿನ ಹಣದಲ್ಲಿ ಪಾಲು ಶುರು; ದೊಡ್ಡ ವಿಡಿಯೊಗಳಿಗೆ ಆ ಪಾಲು ಶೇ 55, ಶಾರ್ಟ್ಸ್‌ಗೆ ಶೇ 45. ಎಂಟು ನಿಮಿಷ ದಾಟಿದ ವಿಡಿಯೊದ ನಡುವೆಯೂ ಜಾಹೀರಾತು ಹಾಕಬಹುದು. ಒಂದು ಗಂಟೆಯ ರಾಗ, ಮೂರು ಗಂಟೆಯ ಧ್ಯಾನದ ಕೊಳಲು ಅಲ್ಲಿ ಬದುಕಿಕೊಳ್ಳುವುದು ಇದರಿಂದಲೇ. ದೀರ್ಘವಾಗಿ ನುಡಿಸಬಲ್ಲ ಹಳ್ಳಿಯ ಕಲಾವಿದರು ಮೊದಲು ಕಾಲೂರಬೇಕಾದ ಜಾಗ ಇದೇ. ಹಣ 100 ಡಾಲರ್ ಆಗುವವರೆಗೆ ಖಾತೆಗೆ ಬರುವುದಿಲ್ಲ ಎಂಬುದು ನೆನಪಿರಲಿ. 2021ರ ಜೂನ್‌ನಿಂದ ಅಮೆರಿಕದ ವೀಕ್ಷಕರಿಂದ ಬಂದ ಗಳಿಕೆಯ ಮೇಲೆ ಅಲ್ಲಿನ ತೆರಿಗೆಯೂ ಇದೆ. ತೆರಿಗೆ ನಮೂನೆ ತುಂಬಿದವರಿಗೆ ಭಾರತ–ಅಮೆರಿಕ ಒಪ್ಪಂದದ ಪ್ರಕಾರ ಅದು ಶೇ 15. ತುಂಬದೆ ಬಿಟ್ಟವರಿಗೆ ಜಗತ್ತಿನ ಎಲ್ಲ ಕಡೆಯ ಗಳಿಕೆಯಲ್ಲೂ ಶೇ 24ರವರೆಗೆ ಕಡಿತ. ಹತ್ತು ನಿಮಿಷದ ಆ ನಮೂನೆಯನ್ನು ಬಿಡುವುದೆಂದರೆ ದುಡಿದದ್ದರಲ್ಲಿ ಕಾಲುಭಾಗ ಬಿಟ್ಟುಕೊಟ್ಟಂತೆ.

ಆದರೆ ಯೂಟ್ಯೂಬಿನಲ್ಲಿ ಮದುವೆ ವಾದ್ಯದವರು ಎಡವುವ ಜಾಗ ಒಂದಿದೆ. ಮದುವೆ ಮನೆಯಲ್ಲಿ ಜನ ಕೇಳುವುದು ಸಿನಿಮಾ ಹಾಡು. ರಾಜ್‌ಕುಮಾರ್ ಕಾಲದ ಹಾಡನ್ನು ಸ್ಯಾಕ್ಸೊಫೋನಿನಲ್ಲಿ ನುಡಿಸಿದರೆ ಹಿರಿಯರ ಕಣ್ಣು ತುಂಬುತ್ತದೆ, ಮೊಬೈಲುಗಳು ಮೇಲೇಳುತ್ತವೆ. ಅದೇ ಹಾಡನ್ನು ಚಾನೆಲ್ಲಿಗೆ ಹಾಕಿದರೆ ಲಕ್ಷ ವೀಕ್ಷಣೆಯೂ ಬರಬಹುದು. ಆದರೆ ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆ ಆ ಧಾಟಿಯನ್ನು ಗುರುತು ಹಿಡಿಯುತ್ತದೆ. ಹಾಡಿನ ಹಕ್ಕುಳ್ಳ ಆಡಿಯೊ ಕಂಪನಿ ‘ಇದು ನಮ್ಮದು’ ಎಂದರೆ ಜಾಹೀರಾತಿನ ಹಣ ಆ ಕಡೆ ತಿರುಗುತ್ತದೆ. ಹಕ್ಕು ಅವರದೇ ಆದ್ದರಿಂದ ಅದನ್ನು ಕಳ್ಳತನ ಎನ್ನಲಾಗದು. ನಿಜವಾದ ತೊಂದರೆ ಎಂದರೆ ಪುರಂದರದಾಸರ ಕೀರ್ತನೆ ನುಡಿಸಿದಾಗಲೂ ಯಾರದೋ ಮುದ್ರಣಕ್ಕೆ ಹೋಲುತ್ತದೆ ಎಂದು ಯಂತ್ರ ತಡೆಯುವುದುಂಟು. ಆಗ ತಕರಾರು ಸಲ್ಲಿಸಬೇಕು. ಹಕ್ಕಿನ ಕಾನೂನು ಸ್ವಲ್ಪವಾದರೂ ಗೊತ್ತಿದ್ದವರಿಗೆ ಮಾತ್ರ ಆ ಧೈರ್ಯ ಬರುತ್ತದೆ.

ಆ ಕಾನೂನಿನಲ್ಲಿ ವಾದ್ಯಗಾರರಿಗೆ ಅನುಕೂಲವಾದದ್ದು ಸಾಕಷ್ಟಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಂಗೀತ ಕೃತಿ ಎಂದರೆ ಸ್ವರ ಮಾತ್ರ; ಸಾಹಿತ್ಯ ಅದರಲ್ಲಿ ಸೇರುವುದಿಲ್ಲ. ಭಾವಗೀತೆಯೊಂದನ್ನು ಕೊಳಲಿನಲ್ಲಿ ನುಡಿಸಿದರೆ ಕವಿಯ ಪದಗಳನ್ನು ಬಳಸಿದ ಹಾಗಾಗುವುದಿಲ್ಲ. ಆದರೆ ರಾಗ ಹಾಕಿದವರ ಹಕ್ಕು ಉಳಿದೇ ಇರುತ್ತದೆ. ಸಂಯೋಜಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಅದರ ಅವಧಿ. ಸಿ. ಅಶ್ವತ್ಥ್ 2009ರಲ್ಲಿ ತೀರಿಕೊಂಡರು. ಅವರ ಧಾಟಿಗಳ ಮೇಲಿನ ಹಕ್ಕು 2069ರ ಕೊನೆಯವರೆಗೆ ಜೀವಂತ. ಮೈಸೂರು ವಾಸುದೇವಾಚಾರ್ಯರು 1961ರಲ್ಲಿ ತೀರಿಕೊಂಡರು. ಅವರ ಕೃತಿಗಳು 2022ರ ಜನವರಿ 1ರಿಂದ ಎಲ್ಲರ ಸ್ವತ್ತು. ಖಮಾಚ್ ರಾಗದ ‘ಬ್ರೋಚೇವಾರೆವರುರಾ’ವನ್ನು ಇಂದು ಯಾರು ಬೇಕಾದರೂ ನುಡಿಸಿ, ಮುದ್ರಿಸಿ, ಮಾರಬಹುದು. ಹಳೆಯ ಮಟ್ಟಿನಲ್ಲೇ ಉಳಿದು ಬಂದ ದಾಸರ ಪದ, ತ್ಯಾಗರಾಜರ ಕೃತಿ, ಸಂಯೋಜಕರ ಹೆಸರೇ ಗೊತ್ತಿಲ್ಲದ ಹಳೆಯ ಜಾನಪದ ಮಟ್ಟುಗಳು ಈ ಸಾಲಿಗೆ ಸೇರುತ್ತವೆ. ಈ ನೆಲದಲ್ಲಿ ಅಂಥ ಮಟ್ಟುಗಳಿಗೆ ಬರವಿಲ್ಲ. ಚನ್ನಗಿರಿ, ಹೊನ್ನಾಳಿಯ ವೀರಗಾಸೆ, ಸಮಾಳ, ಜಗಳೂರು ಕಡೆಯ ಉರುಮೆ, ಡೊಳ್ಳು, ಸಂತ ಸೇವಾಲಾಲರ ಸೂರಗೊಂಡನಕೊಪ್ಪವಿರುವ ನ್ಯಾಮತಿ ತಾಲ್ಲೂಕಿನ ಬಂಜಾರ ತಾಂಡಾಗಳ ನಗಾರಿ ಇವೆಲ್ಲದರ ಒಳ್ಳೆಯ ಮುದ್ರಣಗಳು ಆಪ್‌ಗಳಲ್ಲಿ ಹುಡುಕಿದರೂ ಸಿಗುವುದು ಅಪರೂಪ.

ವಾದ್ಯಪ್ರಧಾನ ಸಂಗೀತ ಕರ್ನಾಟಕದಿಂದ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಬೆಂಗಳೂರಿನ ರಿಕ್ಕಿ ಕೇಜ್ ಕಣ್ಣೆದುರಿನ ಉದಾಹರಣೆ. ದಕ್ಷಿಣ ಆಫ್ರಿಕಾದ ಕೊಳಲುವಾದಕ ವೌಟರ್ ಕೆಲ್ಲರ್‌ಮನ್ ಜೊತೆ ಮಾಡಿದ ‘ವಿಂಡ್ಸ್ ಆಫ್ ಸಂಸಾರ’ 2014ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ನ್ಯೂ ಏಜ್ ಪಟ್ಟಿಯ ತುದಿಗೇರಿತು, ಮರುವರ್ಷ ಗ್ರ್ಯಾಮಿ ತಂದಿತು. ಡ್ರಮ್ ವಾದಕ ಸ್ಟುವರ್ಟ್ ಕೋಪ್‌ಲ್ಯಾಂಡ್ ಜೊತೆಗಿನ ‘ಡಿವೈನ್ ಟೈಡ್ಸ್’ 2022ರಲ್ಲೂ 2023ರಲ್ಲೂ ಗ್ರ್ಯಾಮಿ ಗೆದ್ದಿತು. ಆದರೆ ದಂತವೈದ್ಯ ಶಿಕ್ಷಣ ಮುಗಿಸಿ ಸಂಗೀತಕ್ಕೆ ಬಂದ ಈ ಮನುಷ್ಯ ಆ ಎತ್ತರಕ್ಕೆ ಏರುವ ಮೊದಲು ವರ್ಷಗಟ್ಟಲೆ ಮಾಡಿದ್ದು ಜಾಹೀರಾತುಗಳ ಜಿಂಗಲ್. ಅವುಗಳ ಸಂಖ್ಯೆ 3,000 ಮೀರುತ್ತದೆ. ಆಲ್ಬಂ ಮಾಡುವ ಸ್ವಾತಂತ್ರ್ಯವನ್ನು ಜಿಂಗಲ್ ದುಡಿಮೆ ಕೊಟ್ಟಿತು. ಮಂಗಳೂರಿನ ಕದ್ರಿ ಗೋಪಾಲನಾಥರು (1949–2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ, 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ವೇದಿಕೆಯವರೆಗೆ ಒಯ್ದರು. ಅವರ ಬದುಕು ನಡೆದದ್ದು ಕಛೇರಿಗಳಿಂದ. ಇಂದಿಗೂ ಸ್ವತಂತ್ರ ವಾದ್ಯಗಾರರಲ್ಲಿ ಹೆಚ್ಚಿನವರ ಮನೆ ನಡೆಯುವುದು ಕಛೇರಿ, ಪಾಠ, ಮದುವೆ, ಸ್ಟುಡಿಯೊ ಕೆಲಸದಿಂದಲೇ. ಸ್ಟ್ರೀಮಿಂಗ್ ಹಣ ಅದಕ್ಕೆ ಸೇರುವ ಒಂದು ಪಾಲು. ಅದರಿಂದ ಪರೋಕ್ಷವಾಗಿ ಆಗುವ ಲಾಭವೇ ಕೆಲವೊಮ್ಮೆ ದೊಡ್ಡದು. ವಿಡಿಯೊ ನೋಡಿ ಶಿರಾದಿಂದಲೋ ಸಿಂಗಪುರದಿಂದಲೋ ಒಬ್ಬ ವಿದ್ಯಾರ್ಥಿ ಆನ್‌ಲೈನ್ ಪಾಠಕ್ಕೆ ಸೇರಿದರೆ ಅವನ ಒಂದು ತಿಂಗಳ ಶುಲ್ಕ ಸಾವಿರಾರು ಕೇಳಿಕೆಗೆ ಸಮ.

ಇನ್ನು ಕೇಳುಗರೇ ಹೆಸರು ಕೇಳದ ಸಂಗೀತದ ಕಥೆ. ‘ನಿದ್ರೆಗೆ’, ‘ಓದಿಗೆ’, ‘ಶಾಂತಿಗೆ’ ಎಂಬ ಪ್ಲೇಲಿಸ್ಟುಗಳು ವಾದ್ಯ ಸಂಗೀತಕ್ಕೆ ದೊಡ್ಡ ಮಾರುಕಟ್ಟೆ. ಸ್ವೀಡನ್ನಿನ ಯೋಹಾನ್ ರೋರ್ ಎಂಬ ಸಂಯೋಜಕ 650ಕ್ಕೂ ಹೆಚ್ಚು ಬೇರೆ ಬೇರೆ ಹೆಸರುಗಳಲ್ಲಿ ಸುಮಾರು 2,700 ಕೃತಿಗಳನ್ನು ಸ್ಪಾಟಿಫೈಗೆ ಹಾಕಿದ್ದನ್ನು 2024ರಲ್ಲಿ ಅಲ್ಲಿನ ‘ದಾಗೆನ್ಸ್ ನೀಹೆಟರ್’ ಪತ್ರಿಕೆ ಬಯಲು ಮಾಡಿತು. ಅವುಗಳ ಒಟ್ಟು ಕೇಳಿಕೆ 1,500 ಕೋಟಿ. ಹಣವೆಲ್ಲ ಒಂದೇ ರಾಶಿಯಿಂದ ಹಂಚಿಕೆಯಾಗುವುದರಿಂದ ಈ ಪಾಲು ಬೆಳೆದಷ್ಟೂ ಉಳಿದವರ ಪಾಲು ಸವೆಯುತ್ತದೆ. ಈಗ ಮನುಷ್ಯರೇ ಬೇಡದ ಸಂಗೀತವೂ ಬಂದಿದೆ. ಫ್ರಾನ್ಸಿನ ಡೀಜರ್ ಕಂಪನಿ 2025ರ ನವೆಂಬರ್‌ನಲ್ಲಿ ಹೇಳಿದಂತೆ ದಿನಕ್ಕೆ 50,000ಕ್ಕೂ ಹೆಚ್ಚು ಕೃತಿಗಳು ಪೂರ್ತಿಯಾಗಿ ಕೃತಕ ಬುದ್ಧಿಮತ್ತೆಯಿಂದ ತಯಾರಾಗಿ ಅಲ್ಲಿಗೆ ಬರುತ್ತಿದ್ದವು, ಒಟ್ಟು ಆವಕದ ಶೇ 34. ಈ ಪ್ರವಾಹದ ಮುಂದೆ ‘ಮನಸ್ಸಿಗೆ ನೆಮ್ಮದಿ ಕೊಡುವ ಕೊಳಲು’ ಎಂಬ ಹೆಸರಿಟ್ಟು ನಿಲ್ಲಲು ಹೋದವರು ಕೊಚ್ಚಿಹೋಗುತ್ತಾರೆ. ಸಮಾಳದ ಪೆಟ್ಟು, ಶಹನಾಯಿಯ ಮೀಂಡ್, ಇಂಥ ಊರಿನ ಇಂಥವರ ಕೈ ಎಂಬ ಗುರುತು ಇದ್ದದ್ದಕ್ಕೆ ಮಾತ್ರ ಹುಡುಕಿಕೊಂಡು ಬರುವ ಕೇಳುಗರಿರುತ್ತಾರೆ.

ಗುರುತು ಉಳಿಯಬೇಕಾದರೆ ಮುದ್ರಣ ಚೆನ್ನಾಗಿರಬೇಕು. ಬಸವಾಪಟ್ಟಣದಂಥ ಊರಿನಲ್ಲಿ ಅದೇನು ಸುಲಭವಲ್ಲ. ಕೊಯ್ಲಿನ ದಿನಗಳಲ್ಲಿ ಹಗಲೆಲ್ಲ ಅಡಿಕೆ ಸುಲಿಯುವ ಯಂತ್ರದ ಸದ್ದು, ಅದು ನಿಂತರೆ ಟ್ರ್ಯಾಕ್ಟರು, ಸಂಜೆಗೆ ಮೈಕಿನ ಭಕ್ತಿಗೀತೆ. ರಾತ್ರಿ ಹತ್ತರ ಮೇಲೆ, ಫ್ಯಾನು ಆರಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಗೋಡೆಯಿಂದ ಸದ್ದು ತಿರುಗಿ ಬಡಿಯದಂತೆ ಹಾಸಿಗೆಯನ್ನು ಗೋಡೆಗೆ ಆನಿಸಿಟ್ಟು ಕೂತರೆ ಕೆಲಸ ಆದೀತು. ಕೊಳಲಿಗೆ ಮೈಕನ್ನು ಬಾಯಿಗೆ ನೇರ ಹಿಡಿದರೆ ಉಸಿರೇ ಕೇಳುತ್ತದೆ. ಕೊಂಚ ಮೇಲೆ, ಓರೆಯಾಗಿ ಇಡಬೇಕು. ತಬಲಾಕ್ಕೆ ಬೇರೆ ಮೈಕು ಇದ್ದರೆ ಆಮೇಲೆ ಏರಿಳಿತ ಸರಿಮಾಡಬಹುದು. ಕರೆಂಟು ಹೋದರೆ ಮುಂದುವರಿಯಲು ಲ್ಯಾಪ್‌ಟಾಪಿನ ಬ್ಯಾಟರಿ ಗಟ್ಟಿಯಿರಬೇಕು. ಸ್ಟುಡಿಯೊ ಬಾಡಿಗೆಗೆ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗುವ ಬದಲು ಇದೇ ಹಾದಿ ಹಿಡಿದವರು ಈಗ ಹೆಚ್ಚುತ್ತಿದ್ದಾರೆ.

ಮುದ್ರಣ ಮುಗಿದ ಮೇಲೆ ಬರುವ ಕೆಲಸದಲ್ಲೇ ಹೆಚ್ಚು ಜನ ಸೋಲುವುದು. ಖಾತೆ ಯಾರ ಹೆಸರಿನಲ್ಲಿದೆ? ಮುದ್ರಿಸಿಕೊಟ್ಟ ಸ್ಟುಡಿಯೊದವರೇ ‘ನಾವೇ ಹಾಕ್ತೀವಿ ಬಿಡ್ರಿ’ ಎಂದು ತಮ್ಮ ಖಾತೆಯಿಂದ ಹಾಕಿದರೆ ಮುದ್ರಣದ ಒಡೆತನ ಅಲ್ಲಿಗೇ ಮಸುಕಾಗುತ್ತದೆ. ಕಣ್ಣಿಲ್ಲದ ಕಲಾವಿದರು ಈ ಸೀಮೆಯಲ್ಲಿ ಅನೇಕರಿದ್ದಾರೆ. ಇನ್ನೊಬ್ಬರ ಸಹಾಯದಿಂದ ನಮೂನೆ ತುಂಬಿಸುವಾಗ ಬ್ಯಾಂಕ್ ಖಾತೆ, ಇ–ಮೇಲ್, ಪಾಸ್‌ವರ್ಡ್ ಅವರದೇ ಇರುವಂತೆ ನೋಡಿಕೊಳ್ಳುವುದು ಸಹಾಯ ಮಾಡುವವರ ಹೊಣೆ. ಪ್ರತಿ ಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ ಹನ್ನೆರಡು ಅಕ್ಷರ, ಅಂಕಿಗಳ ಗುರುತು ಇರುತ್ತದೆ. ವಿತರಕರೇ ಅದನ್ನು ಕೊಡುತ್ತಾರೆ. ಅದನ್ನು ಬರೆದಿಟ್ಟುಕೊಂಡರೆ ನಾಳೆ ವಿತರಕರನ್ನು ಬದಲಾಯಿಸಿದರೂ ಹಳೆಯ ಕೇಳಿಕೆಯ ಲೆಕ್ಕ ಕೈಬಿಡದು. ಸ್ವಂತ ರಚನೆಯಾದರೆ ಸಂಯೋಜಕರಾಗಿ ಐಪಿಆರ್‌ಎಸ್ ಸದಸ್ಯತ್ವ ಪಡೆಯಬಹುದು. 1969ರಲ್ಲಿ ಹುಟ್ಟಿದ ಈ ಸಂಘ ಸಂಯೋಜಕರ ಪಾಲನ್ನು ಬೇರೆಯಾಗಿ ವಸೂಲಿ ಮಾಡುತ್ತದೆ, ವಿತರಕರಿಂದ ಬರುವ ಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಎರಡನೆಯ ಪಾಲು ಇದೆ ಎಂಬುದೇ ಹಳ್ಳಿಯ ಎಷ್ಟೋ ಕಲಾವಿದರಿಗೆ ತಿಳಿದಿಲ್ಲ.

ಪಕ್ಕದಲ್ಲಿ ಕೂತ ತಬಲಾ, ಮೃದಂಗ, ಹಾರ್ಮೋನಿಯಂನವರ ಮಾತೇನು? ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಪ್ರದರ್ಶಕರ ಹಕ್ಕನ್ನು ಬಲಪಡಿಸಿತು. ವಾಣಿಜ್ಯ ಬಳಕೆಯಾದಾಗ ಗೌರವಧನ ಪಡೆಯುವ ಅಧಿಕಾರ ಕಾನೂನಿನಲ್ಲೇ ಇದೆ. ಹಾಗಿದ್ದರೂ ಆಪ್‌ನಲ್ಲಿ ಎದ್ದು ಕಾಣುವುದು ಬಹುಮಟ್ಟಿಗೆ ಮುಖ್ಯ ಕಲಾವಿದರ ಹೆಸರೊಂದೇ. ಕೆಲವು ವಿತರಕರಲ್ಲಿ ಬಂದ ಹಣವನ್ನು ಶೇಕಡಾವಾರು ಹಂಚುವ ಸೌಲಭ್ಯವಿದೆ. ಕೊಳಲಿಗೆ 60, ತಬಲಾಕ್ಕೆ 30, ತಂಬೂರಿ ಹಿಡಿದವರಿಗೆ 10 ಎಂದು ಬಿಡುಗಡೆಗೆ ಮೊದಲೇ ಬರೆದುಬಿಟ್ಟರೆ ಮುಂದೆ ಮನಸ್ತಾಪಕ್ಕೆ ಎಡೆಯಿಲ್ಲ. ಮದುವೆ ಮನೆಯಲ್ಲಿ ಸಂಭಾವನೆಯನ್ನು ಊಟಕ್ಕೆ ಕೂರುವ ಮೊದಲೇ ಹಂಚಿಕೊಳ್ಳುವ ವಾಲಗದ ಮೇಳಗಳಿಗೆ ಇದು ಹೊಸ ಪಾಠವೇನಲ್ಲ.

ಆಪ್‌ಗಳನ್ನೇ ನಂಬಿ ಕೂರುವಂತೆಯೂ ಇಲ್ಲ. 2024ರ ಜನವರಿ ಕೊನೆಯಲ್ಲಿ ರೆಸ್ಸೊ ಭಾರತದಲ್ಲಿ ಮುಚ್ಚಿತು, ಅದೇ ವರ್ಷ ಏರ್‌ಟೆಲ್‌ನ ವಿಂಕ್ ಬಾಗಿಲು ಹಾಕಿತು. ಅಲ್ಲಿ ಕೂಡಿಸಿಕೊಂಡ ಕೇಳುಗರು ಜೊತೆಗೆ ಬರಲಿಲ್ಲ. ಹಾಗಾಗಿ ಕೇಳುಗರ ಫೋನ್ ನಂಬರು, ವಾಟ್ಸ್‌ಆ್ಯಪ್ ಬಳಗ, ನೇರವಾಗಿ ಆಲ್ಬಂ ಮಾರಬಹುದಾದ ಬ್ಯಾಂಡ್‌ಕ್ಯಾಂಪ್‌ನಂಥ ತಾಣ ಇವೆಲ್ಲ ಬೇಕು. ಬ್ಯಾಂಡ್‌ಕ್ಯಾಂಪ್‌ನಲ್ಲಿ ಮಾರಾಟದ ಮೇಲೆ ಶೇ 10ರಿಂದ 15ರಷ್ಟು ಕಮಿಷನ್, ಹಣ ಪಾವತಿಯ ಶುಲ್ಕ ಹೋದರೆ ಉಳಿದದ್ದು ಕಲಾವಿದರಿಗೆ. ಅಮೆರಿಕದ ಕನ್ನಡ ಸಂಘದವರು ಒಂದು ಆಲ್ಬಂ ಕೊಂಡರೂ ಅದರ ಮೊತ್ತ ತಿಂಗಳುಗಟ್ಟಲೆಯ ಸ್ಟ್ರೀಮಿಂಗ್ ಹಣಕ್ಕೆ ಸಮನಾಗಬಹುದು.

ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ, ವಾರಸುದಾರರಿಗೂ ಹೋಗುತ್ತದೆ. ಈ ಆಷಾಢದಲ್ಲಿ ಬಸವಾಪಟ್ಟಣದಲ್ಲಿ ಮುದ್ರಿಸಿದ ಶಹನಾಯಿಗೆ ಬರುವ ಹಣ ಮೊಮ್ಮಕ್ಕಳ ಖಾತೆಗೂ ಜಮಾ ಆಗಬಹುದು. ಅದಕ್ಕೆ ಖಾತೆಯ ವಿವರ ಮನೆಯವರಿಗೆ ಗೊತ್ತಿರಬೇಕು, ವಿತರಕರ ಶುಲ್ಕವೂ ಕಟ್ಟುತ್ತಿರಬೇಕು. ವಾರ್ಷಿಕ ಚಂದಾ ಪದ್ಧತಿಯ ವಿತರಕರಲ್ಲಿ ಶುಲ್ಕ ನಿಂತರೆ ಕೃತಿಗಳನ್ನು ಆಪ್‌ಗಳಿಂದ ತೆಗೆದುಹಾಕುವುದುಂಟು. ಒಂದೇ ಸಲ ಶುಲ್ಕ ಪಡೆಯುವ ಸಿಡಿ ಬೇಬಿಯಂಥವರು ಅದರ ಬದಲಿಗೆ ಬರುವ ಹಣದಲ್ಲಿ ಶೇ 9 ಹಿಡಿದುಕೊಳ್ಳುತ್ತಾರೆ. ವರ್ಷಕ್ಕೆ ನಾಲ್ಕು ಕೃತಿ ಹಾಕುವವರಿಗೆ ಮೊದಲನೆಯದು ಅಗ್ಗ, ಜೀವಮಾನದಲ್ಲಿ ಒಂದೋ ಎರಡೋ ಆಲ್ಬಂ ಮಾಡಿ ಬಿಟ್ಟುಹೋಗುವ ಹಿರಿಯ ವಾದ್ಯಗಾರರಿಗೆ ಎರಡನೆಯದೇ ಸರಿ.